ಬೀಳಬೇಕಾಗಿದ್ದ ಎತ್ತು

ಎರಡನೇ ಮಹಾ ಲಡಾಯಿ ಕಾಲದಾಗ ಸವಣೂರಿನ ನಮ್ಮ ಮನ್ಯಾಗ ಕುಂತು ಮುಂಬೈಯ ಸ್ಟುಡಿಯೋ ಒಂದಕ್ಕ ನಗಿಸೋ ಕಾರ್ಟೂನ್ ಸಿನಿಮಾ ಮಾಡಾಕತ್ತಿದ್ದೆ. ಎತ್ತು ಗಾಡಿ ಎಳೀತಾ ಬಂದು ಕೆಸರಾಗ ಜಾರಿ ಬೀಳಬೇಕು, ಅಷ್ಟ ಕಥಿ. ಅಷ್ಟಕ್ಕ ನೂರಾರು ಹಾಳಿ ಬರದು ಕೈ ಸೋತು ಹೋಗಿತ್ತು. ಎತ್ತಿನ ನಡಿಗಿ ಸರಿ ಐತೋ ಇಲ್ಲೋ ಕೇಳೋಣಂತ ಹತ್ತಿಮತ್ತೂರಿನ ರೈತ ಬಸಲಿಂಗಪ್ಪನವರ ಕಡೆ ಹೋದೆ.

ಹಾಳಿ ಕಟ್ಟನ್ನ ಹೆಬ್ಬೆರಳಿಂದ ಸರ್ರಂತ ಬಿಟ್ಟು ತೋರಿಸಿದೆ. ಎತ್ತು ನಡೀತು, ಬಿತ್ತು. ಅವರು ನಗಲಿಲ್ಲ.

"ನಡಿಗಿ ಚಲೋ ಐತ್ರಿ. ಆದ್ರ ಎತ್ತು ಬಿದ್ರ ಯಾರ್ ನಗತಾರ್ರಿ? ನಮ್ಮನ್ಯಾಗ ಎತ್ತು ಬಿದ್ದ ದಿನ ಒಲಿ ಹಚ್ಚೂದಿಲ್ಲ."

"ಇದು ಬರೇ ಚಿತ್ರ ರೀ, ಯಜಮಾನ್ರ."

"ಬಸವಣ್ಣನ ಚಿತ್ರಕ್ಕೂ ನಾವು ಕೈ ಮುಗೀತೇವಿ. ಬೀಳಸೂದ ಇದ್ರ ಗಾಡಿ ಹೊಡಿಯಾಂವನ್ನ ಬೀಳಸ್ರಿ. ಎತ್ತು ನಿಂತು ಕಾಯತೈತಿ."

ಮತ್ತ ಮೊದಲಿಂದ ಬರಿಯಾಕ ಕುಂತೆ. ಬೀಳೋ ಮನಷ್ಯಾಗ ಒಂದು ಮಾರಿ ಬೇಕಲ್ಲ? ಹುಡುಕೋ ತ್ರಾಣ ಇರಲಿಲ್ಲ. ಕನ್ನಡಿ ನೋಡಿ ನಂದ ಬರದೆ.

ಸವಣೂರಿನ ಟೂರಿಂಗ್ ಟಾಕೀಸಿನ್ಯಾಗ ಅದನ್ನ ತೋರಿಸಿದಾಗ ಬಸಲಿಂಗಪ್ಪನವರೂ ಬಂದಿದ್ರು. ನಾ ಕೆಸರಾಗ ಬಿದ್ದ ಕೂಡಲೇ ಎಲ್ಲಾರಿಗಿಂತ ಜೋರಾಗಿ ನಕ್ಕವರು ಅವರ. ಆಮ್ಯಾಲೆ ನನ್ನನ್ನ ಊಟಕ್ಕ ತಮ್ಮ ಮನಿಗೆ ಕರಕೊಂಡು ಹೋದ್ರು.

ಒಲಿ ಧಗಧಗ ಉರಿಯಾಕತ್ತಿತ್ತು.