ಸೀಟಿನ ಮೇಲಿನ ಟವೆಲ್

ಅತಿ ತಣ್ಣಗಿನ ಪರಮಾಣುಗಳನ್ನು ಹತ್ತಿರವಿರುವ ಗಾಜಿನ ತುಂಡು ಮುಟ್ಟದೆಯೇ ಎಷ್ಟು ಬಲದಿಂದ ಎಳೆಯುತ್ತದೆಂದು ಲ್ಯಾಬಿನಲ್ಲಿ ಅಳೆಯುವುದು ನನ್ನ ಕೆಲಸ. ಹಿಂದಿನ ಪ್ರಯೋಗದಲ್ಲಿ ಗಾಜಿಗೆ ಅಂಟಿ ಉಳಿದ ಪರಮಾಣುಗಳು ಸುಳ್ಳು ಬಲ ತೋರಿಸಿ ನಮ್ಮನ್ನು ಏಮಾರಿಸುವುದುಂಟು.

ಮೊನ್ನೆ ಹೊನ್ನಾಳಿಯಲ್ಲಿ ನ್ಯಾಮತಿ ಮೇಲೆ ಮುಂದಕ್ಕೆ ಹೋಗುವ ಬಸ್ ಹತ್ತಿದೆ. ಕಾಲಿಡಲು ಜಾಗವಿಲ್ಲ, ಆದರೂ ಒಂದು ಸೀಟು ಖಾಲಿ. ಅದರ ಮೇಲೊಂದು ಟವೆಲ್. ಕೂರಲು ಹೋದೆ.

"ಟವೆಲ್ ಐತಲ್ರೀ, ಹೆಂಗೆ ಕೂರ್ತೀರಿ?" ಎಂದರು ಪಕ್ಕದಲ್ಲಿ ನಿಂತಿದ್ದ ಯಜಮಾನರು.

"ಯಾರದ್ರೀ ಅದು?"

"ಯಾರದೋ ಏನೋ. ಸೀಟ್ ಹಿಡ್ದು ಹೋಗ್ಯಾರೆ, ಬರ್ತಾರೆ."

ಇಬ್ಬರೂ ನಿಂತೇ ಬಂದೆವು. ನ್ಯಾಮತಿ ಬಂದಾಗ ಕಂಡಕ್ಟರ್ ನಕ್ಕ: "ಅದು ಬೆಳಿಗ್ಗೆ ಯಾರೋ ಮರೆತು ಹೋಗಿದ್ದು ಕಣ್ರೀ!"

ಯಜಮಾನರು ಟವೆಲನ್ನು ನೀಟಾಗಿ ಮಡಚಿ ಮತ್ತೆ ಅಲ್ಲೇ ಇಟ್ಟು ಇಳಿದರು. ಹೊಸದಾಗಿ ಹತ್ತಿದವರು ಅದನ್ನು ನೋಡಿ, ಪಕ್ಕಕ್ಕೆ ಸರಿದು ನಿಂತರು.

ನಮ್ಮ ಲ್ಯಾಬಿನಲ್ಲಿ ಇಷ್ಟು ಗಟ್ಟಿ ಬಲ ಇನ್ನೂ ಸಿಕ್ಕಿಲ್ಲ.