ಪೂರಾ ಆಡದೆ ನಂಬರ್ ಇಲ್ಲ

ಅವರ ಎಡಗೈ ಹೆಬ್ಬೆರಳ ತುದಿಯಲ್ಲಿ ಒಂದು ಪ್ಲಸ್ ಗುರುತಿತ್ತು. ಹಚ್ಚೆಯಲ್ಲ, ಗಾಯವೂ ಅಲ್ಲ. ವಿಡಿಯೋ ಗೇಮಿನ ರಿಮೋಟಿನ ಪ್ಲಸ್ ಆಕಾರದ ಗುಂಡಿಯನ್ನು ಒತ್ತಿ ಒತ್ತಿ ಚರ್ಮ ಹಾಗೇ ದಡ್ಡುಗಟ್ಟಿತ್ತು. ಚಹಾದ ಲೋಟ ಹಿಡಿದರೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ, ಲೋಟದ ಮೇಲೇ ಯಾರನ್ನೋ ಓಡಿಸುತ್ತಿತ್ತು.

ಅವರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ: ಒಂದು ಟಿವಿ, ಒಂದು ಬೆಂಚು, ಗೋಡೆ ತುಂಬ ಗೇಮ್ ಕ್ಯಾಸೆಟ್ಟು. ಕೂತು ಆಡಬಹುದು, ಕೊಂಡೂ ಹೋಗಬಹುದು. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ಮನೆ. ಕಾಲೇಜಿಗೆಂದು ಹೊರಟ ನಾನು ದಿನಾ ತಲುಪುತ್ತಿದ್ದದ್ದು ಆ ಬೆಂಚಿಗೆ.

ಬಾಗಿಲ ಪಕ್ಕ ಒಂದು ಕರಿಹಲಗೆ. ಪ್ರತಿ ಆಟಕ್ಕೂ ಭಾಯ್ ಅದರ ಮೇಲೆ ನೂರಕ್ಕೆ ಇಷ್ಟು ಎಂದು ನಂಬರ್ ಬರೆಯುತ್ತಿದ್ದರು. ಮೂವತ್ತೈದಕ್ಕೆ ಪಾಸು. ಕಡಿಮೆ ಬಿದ್ದರೆ ಕೆಂಪು ಚಾಕ್‌ಪೀಸಿನಲ್ಲಿ ‘ಫೇಲ್’. ತಾನು ಮಾರುವ ಮಾಲನ್ನು ತಾನೇ ಫೇಲ್ ಮಾಡುವ ವ್ಯಾಪಾರಿಯನ್ನು ನಾನಂತೂ ಮತ್ತೆಲ್ಲೂ ಕಾಣಲಿಲ್ಲ. ಆದರೆ ಕೊನೆಯವರೆಗೆ ಆಡಿ ಮುಗಿಸದೆ ಯಾವ ಆಟಕ್ಕೂ ನಂಬರ್ ಇಲ್ಲ. ಆ ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ, ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ನಮ್ಮೂರ ಕರೆಂಟಿಗೋ, ಕೊನೆಯ ರಾಕ್ಷಸ ಯಾವಾಗ ಬರುತ್ತಾನೆಂದು ಸರಿಯಾಗಿ ಗೊತ್ತಾಗುತ್ತಿತ್ತು.

“ಭಾಯ್, ಅನ್ನ ಬೆಂದೈತಾ ನೋಡಾಕೆ ಒಂದಗುಳು ಹಿಸುಕಿದ್ರೆ ಸಾಕು,” ಎಂದೆ ಒಮ್ಮೆ. “ಪಾತ್ರೆನೇ ಖಾಲಿ ಮಾಡ್ಬೇಕೇನ್ರಿ?”

“ಅದು ನಿಮ್ಮನೆ ಅನ್ನಕ್ಕೆ ಕಣಲೇ. ಬಿರಿಯಾನಿಗೆ ನಡ್ಯಲ್ಲ. ಮೇಲೆ ಬರೀ ಅಕ್ಕಿ, ಪೀಸೆಲ್ಲ ಕೆಳಗೈತೆ. ತಳ ಸೀದಿದ್ರೆ ಮೇಲಿನ ಅಗುಳಿಗೆ ಏನ್ ಗೊತ್ತು?”

ಪರದೆಯ ಹಿಂದಿನಿಂದ ಅವರ ಹೆಂಡತಿ, ನಮ್ಮೆಲ್ಲರ ಭಾಭಿಯ ದನಿ ಬಂತು: “ತಮ್ಮಾ, ಬಿರಿಯಾನಿ ಮಾತು ಅವರ ಬಾಯಾಗೆ ಬರಬಾರ್ದು. ಉಪ್ಪು ಹೆಂಗೈತೆ ಅಂತ ಕೇಳಿದ್ರೆ ಹೂಂ ಇಲ್ಲ, ಉಹೂಂ ಇಲ್ಲ. ತಟ್ಟೆ ಪೂರಾ ಖಾಲಿ ಮಾಡಿ, ಕೈ ತೊಳ್ದು, ಆಮ್ಯಾಲೆ ‘ಉಪ್ಪು ಕಮ್ಮಿ’ ಅಂತಾರೆ. ಆಗ ಉಪ್ಪು ಎಲ್ಲಿಗೆ ಹಾಕ್ಲಿ, ಇವರ ತಲೆಗಾ?”

ಭಾಯ್ ಟಿವಿಯಿಂದ ಕಣ್ಣು ಕೀಳದೆ, “ಅರ್ಧಕ್ಕೆ ಹೇಳಿದ್ರೆ ಅಡುಗೆಗೆ ಅನ್ಯಾಯ ಅಲ್ವಾ?” ಎಂದರು.

ಅಷ್ಟರಲ್ಲಿ ಬಸ್ ಸ್ಟ್ಯಾಂಡ್ ಎದುರು ಹೊಸ ಅಂಗಡಿಯೊಂದು ಎದ್ದಿತು. ಅಲ್ಲಿಯೂ ಹಲಗೆ, ಅಲ್ಲಿಯೂ ನಂಬರ್. ಬೆಳಿಗ್ಗೆ ಬಂದ ಕ್ಯಾಸೆಟ್ಟಿಗೆ ಮಧ್ಯಾಹ್ನವೇ ತೊಂಬತ್ತೈದು. ಹುಡುಗರು ಅತ್ತ ಹರಿದರು. ಇತ್ತ ಬೆಂಚು ಖಾಲಿ. ಭಾಭಿ ಖಡಾಖಂಡಿತವಾಗಿ ಹೇಳಿಬಿಟ್ಟರು: “ರಂಜಾನ್ ಹೊತ್ತಿಗೆ ಯಾಪಾರ ಕುದುರಲಿಲ್ಲ ಅಂದ್ರೆ ಬಾಗಿಲು ಹಾಕಿ, ನಮ್ಮಣ್ಣನ ಜೊತೆ ಮೋಟ್ರು ರಿವೈಂಡಿಂಗಿಗೆ ಹೋಗ್ರಿ.”

ಆಗ ಬಂತು ಆ ಕ್ಯಾಸೆಟ್ಟು. ಮೇಲೆ ದೊಡ್ಡದಾಗಿ ಅಚ್ಚಾಗಿತ್ತು: ಒಂದರಲ್ಲಿ ಲಕ್ಷ ಆಟ. ಹೊಸ ಅಂಗಡಿ ಆ ಸಂಜೆಯೇ ತೊಂಬತ್ತೊಂಬತ್ತು ಬರೆಯಿತು. ಆದರೂ ಕೆಲವರು ನಮ್ಮ ಗಲ್ಲಿಗೆ ಬಂದು ಹಲಗೆ ನೋಡಿ ನಿಂತರು. ಭಾಯ್ ಏನಂತಾರೆ?

“ಬರೀರಿ ಭಾಯ್, ಒಂದು ತೊಂಬತ್ತು ಬರೀರಿ. ಮಾಲೂ ಖರ್ಚಾಗ್ತೈತೆ, ಅಂಗಡಿನೂ ಉಳೀತೈತೆ,” ಎಂದೆ.

“ಹತ್ತೇ ಆಟ ಆಗೈತಲ್ಲೋ.”

“ಸಾಕಾಗಲ್ವಾ?”

“ಲಕ್ಷ ಐತಂತೆ ಲೇ!”

ಹಾಸ್ಯವಲ್ಲ, ಆ ಮನುಷ್ಯ ನಿಜಕ್ಕೂ ಲಕ್ಷ ಆಟ ಮುಗಿಸಲು ಕೂತರು. ಕೆಲ ದಿನಗಳಲ್ಲೇ ನನಗೆ ಅನುಮಾನ ಬಂತು. ಮೊದಲ ಆಟದಲ್ಲಿ ಓಡುತ್ತಿದ್ದವನೇ ಮತ್ತೆ ಬಂದ, ಆಟದ ಹೆಸರು ಬೇರೆ, ಅವನ ಅಂಗಿಯ ಬಣ್ಣ ಬೇರೆ. ಟ್ಯಾಂಕು ಮತ್ತೆ ಬಂತು. ಬಾತುಕೋಳಿ ಮತ್ತೆ ಹಾರಿತು.

ನನ್ನ ಜೊತೆ ಓದುತ್ತಿದ್ದ ಮೊಳಕಾಲ್ಮೂರಿನ ಗೆಳೆಯ, ಮಗ್ಗದ ಮನೆಯವನು, ಹೊಸ ಅಂಗಡಿಯ ನಂಬರ್ ನಂಬಿ ಆ ಕ್ಯಾಸೆಟ್ ಕೊಂಡಿದ್ದ. ಒಂದು ದಿನ ಬಸ್ಸಿಳಿದವನೇ ಭಾಯ್ ಮುಂದೆ ಬಂದು ಕೂಗಾಡಿದ: “ಏಮಿ ಭಾಯ್ ಇದಿ, ಏನಿದು! ಇರೋದೇ ಏಳೆಂಟು ಆಟ. ಮಿಕ್ಕಿದ್ದೆಲ್ಲ ಅವೇ ತಿರುಗಾ ಮುರುಗಾ. ಮೋಸ!”

“ಪೂರಾ ನೋಡಿದ್ಯಾ?”

“ಆಟದ ಪಟ್ಟಿ ನಾಲ್ಕು ಪೇಜ್ ನೋಡ್ದೆ.”

“ಹಂಗಾದ್ರೆ ಸುಮ್ನಿರು. ನಿಮ್ಮೂರಾಗೆ ಸೆರಗು ಬಿಚ್ಚದೆ ಸೀರೆ ಕೊಳ್ತಾರಾ?”

“ಅಂಚು ಮುಟ್ಟಿದ್ರೆ ಸಾಕು ಭಾಯ್, ಜರಿ ನಕಲಿ ಅಂತ ಗೊತ್ತಾಗ್ತೈತೆ!”

ಭಾಯ್ ರಿಮೋಟ್ ಕೆಳಗಿಟ್ಟು ಯೋಚಿಸಿದರು. ಗೆದ್ದೆವು ಅಂದುಕೊಂಡೆ. ಮತ್ತೆ ಎತ್ತಿಕೊಂಡರು. “ಕೊನೆ ಪೇಜಿನಾಗೆ ಒಂದು ಒಳ್ಳೇದಿದ್ರೆ? ಅದನ್ನ ಮಾಡಿದೋನು ಏನ್ ಅಂದ್ಕಂತಾನೆ?”

ರಂಜಾನ್ ಬಂತು. ಹಲಗೆಯ ಮೇಲೆ ಆ ಕ್ಯಾಸೆಟ್ಟಿನ ಮುಂದೆ ಇನ್ನೂ ಖಾಲಿ ಜಾಗ. ಅಂಗಡಿ ಮುಚ್ಚಿತು. ನೇರವಾಗಿ ಹೇಳುತ್ತೇನೆ: ವ್ಯಾಪಾರದಲ್ಲಿ ಅವರು ಶುದ್ಧ ದಡ್ಡರು. ಗಿರಾಕಿ ಕೇಳುವುದು ಇವತ್ತು, ಇವರು ಉತ್ತರ ಕೊಡುವುದು ಮುಂದಿನ ಮಳೆಗಾಲಕ್ಕೆ. ಮೋಟರ್ ಅಂಗಡಿ ಸೇರಿದ ಮೇಲೂ ಅದೇ ಕಥೆ. ರಿಪೇರಿಯಾದ ಮೋಟ್ರು ತಿರುಗಿದರೆ ಸಾಲದು, ನೀರಿನ ಟ್ಯಾಂಕು ತುಂಬಿ ಹರಿಯುವ ತನಕ ನಿಂತು ನೋಡಬೇಕು. ಭಾಭಿಯ ಅಣ್ಣ ತಲೆ ಚಚ್ಚಿಕೊಳ್ಳುತ್ತಿದ್ದರು, ಅಕ್ಕಪಕ್ಕದವರು ಮಾತ್ರ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದರು.

ಲಕ್ಷ ಆಟದ ಕ್ಯಾಸೆಟ್ಟನ್ನು ಮನೆಯಲ್ಲಿ ಕೂತು ಮುಗಿಸಿಯೇ ಬಿಟ್ಟರು. ಗಿರಾಕಿಯಿಲ್ಲ, ಅಂಗಡಿಯಿಲ್ಲ. ಆದರೂ ಹಲಗೆ ಇಳಿಸಿ, ಧೂಳು ಒರೆಸಿ, ಕೆಂಪು ಚಾಕ್‌ಪೀಸಿನಲ್ಲಿ ಬರೆದರು: ಫೇಲ್. “ಈಗ ಹೇಳ್ಬೋದು ನೋಡು,” ಎಂದು ನಕ್ಕರು. ಈಗ ನಾನು ಫೇಸ್‌ಬುಕ್ಕಿನಲ್ಲಿ ಕಂಡದ್ದಕ್ಕೆಲ್ಲ ಅಭಿಪ್ರಾಯ ಬರೆಯುವವನು. ಇಂಟರ್ವಲ್ಲಿನಲ್ಲೇ “ಸಿನಿಮಾ ಹೆಂಗಿದೆ ಅಣ್ಣ?” ಎಂದು ಮೆಸೇಜು ಬಂದಾಗ ನನ್ನ ಬೆರಳನ್ನು ತಡೆಯುವುದು ಆ ನಗುವೇ.

ಮೊಬೈಲಿಗೆ ಬಣ್ಣದ ಪರದೆ ಬಂದ ಕಾಲಕ್ಕೆ ಭಾಯ್ ಹೋದರು. ಎದೆನೋವು, ಆಸ್ಪತ್ರೆ ತಲುಪಲಿಲ್ಲ. ಮೂರನೇ ದಿನ ಮನೆಗೆ ಹೋದೆ. ಅದೇ ಬೆಂಚು. ಗೋಡೆಯಲ್ಲಿ ಅದೇ ಹಲಗೆ, ‘ಫೇಲ್’ ಇನ್ನೂ ಕೆಂಪಗೆ. ಭಾಭಿ ಪರದೆಯ ಹಿಂದೆ. ಏನು ಮಾತಾಡಬೇಕೆಂದು ತಿಳಿಯದೆ ಬಾಯಿಗೆ ಬಂದದ್ದು ಅಂದೆ:

“ಎಲ್ಲಕ್ಕೂ ನಂಬರ್ ಕೊಟ್ರು, ಭಾಭಿ. ಅವರಿಗೆ ಯಾರು ಕೊಡ್ಬೇಕು?”

ಪರದೆಯ ಹಿಂದಿನಿಂದಲೇ ದನಿ ಬಂತು: “ಪೂರಾ ಆಡ್ದೋಳು ನಾನೊಬ್ಬಳೇ ಅಲ್ವಾ? ಬರಿ ತಮ್ಮಾ. ಮೂವತ್ತೈದು.”

ಚಾಕ್‌ಪೀಸ್ ತೆಗೆದುಕೊಂಡು ಬರೆದೆ. ಪರದೆ ಸ್ವಲ್ಪ ಅಲುಗಾಡಿತು.

“ಉಪ್ಪು ಕಮ್ಮಿ ಅಂತಿದ್ರು. ಆದ್ರೆ ಒಂದಿನಾನೂ ತಟ್ಟೆಯಾಗೆ ಬಿಡ್ಲಿಲ್ಲ. ಅದಕ್ಕೊಂದೈದು ಸೇರ್ಸು.”