ಹನ್ನೊಂದು ಪಿನ್ ನಂಬರುಗಳ ಶರಣಮ್ಮ

ನಮ್ಮ ಸಂಘದ ಹನ್ನೊಂದು ಹೆಂಗಸರ ಪಿನ್ ನಂಬರುಗಳೂ ಶರಣಮ್ಮನಿಗೆ ಬಾಯಿಪಾಠ. ನಮ್ಮ ಫೋನುಗಳಿಗೆ ಬ್ಯಾಂಕು ಬಂದ ದಿನ ಎಲ್ಲರ ನಂಬರನ್ನೂ ಅವಳೇ ಇಟ್ಟಳು, ಎಲ್ಲೂ ಬರೆಯಲಿಲ್ಲ. ನಮ್ಮೂರು ಪೆದ್ದಕಡುಬೂರಿನ ಹೊಲಗಳಲ್ಲಿ ಹತ್ತಿ ಬಿಡಿಸಿ ಬಂದು ಸಂಜೆ ಅವಳ ಕಟ್ಟೆಗೆ ಹೋದರೆ, ಫೋನು ಇಸಿದುಕೊಂಡು, ಸೆರಗಿನ ಮರೆಯಲ್ಲಿ ನಾಲ್ಕು ಅಂಕಿ ಒತ್ತಿ ಸಾಲದ ಕಂತು ಕಟ್ಟಿಕೊಡುತ್ತಿದ್ದಳು.

"ನನ್ನ ನಂಬರ್ ನನಗಾರ ಹೇಳಕ್ಕಾ" ಎಂದು ಒಮ್ಮೆ ಕೇಳಿದ್ದೆ.

"ಬ್ಯಾಡ ತಂಗಿ. ಗೊತ್ತಿದ್ರ ನಿನ್ನ ಗಂಡ ಬಡಿದು ಬಾಯಿ ಬಿಡಸ್ತಾನ. ಗೊತ್ತಿಲ್ಲಂದ್ರ ಎಷ್ಟು ಬಡಿದ್ರೂ ಏನು ಬರ್ತೈತಿ?"

ನನ್ನ ಗಂಡ ಕುಡಿದು ಅವಳ ಬಾಗಿಲಿಗೇ ಹೋದ. ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹನ್ನೊಂದು ಮಂದಿವು ಅದಾವಪ್ಪ ತಲಿಯಾಗ. ನಿಮ್ಮ ಮನಿದು ಯಾವ್ದೋ ನೆನಪಾಗವಲ್ದು. ನಾಳೆ ಕುಡೀಲಾರದ ಬಾ, ನೋಡೋಣ." ಅವನು ಮತ್ತೆ ಹೋಗಲಿಲ್ಲ.

ಒಂದು ಶನಿವಾರ ಅವಳು ಹೊಲದಲ್ಲೇ ಕುಸಿದಳು. ಬಲಗಡೆಯ ಕೈಕಾಲು ಬಿದ್ದುಹೋಯಿತು, ಮಾತು ನಿಂತಿತು. ಅದೇ ಹೊತ್ತಿಗೆ ನನ್ನ ಮಗಳು ಜ್ವರದಿಂದ ಆದೋನಿಯ ಆಸ್ಪತ್ರೆಯಲ್ಲಿದ್ದಳು. ರಕ್ತ ಏರಿಸಬೇಕು, ಇವತ್ತೇ ದುಡ್ಡು ಕಟ್ಟಿ ಎಂದು ಭಾನುವಾರ ಡಾಕ್ಟರು ಹೇಳಿದರು. ಸಾಲದ ಹಣ ನನ್ನ ಖಾತೆಗೆ ಬಂದು ಕೂತಿತ್ತು. ಬ್ಯಾಂಕಿಗೆ ಸೋಮವಾರವೂ ರಜೆ. ಮಗಳನ್ನು ನನ್ನ ತಂಗಿಯ ಕೈಗೆ ಬಿಟ್ಟು ಆಟೋ ಹತ್ತಿ ಊರಿಗೆ, ಶರಣಮ್ಮ ಮಲಗಿದ್ದ ಮಂಚದ ಬಳಿಗೆ ಓಡಿದೆ.

"ಅಕ್ಕಾ, ನನ್ನ ನಂಬರ್ ಹೇಳು. ಕೂಸು ಉಳಿಯಂಗಿಲ್ಲ ಅಕ್ಕಾ!" ಹೆಗಲು ಹಿಡಿದು ಅಲ್ಲಾಡಿಸಿದೆ.

ಎಡಗೈ ಎತ್ತಿದಳು. ಮೂರು ಬೆರಳು. ಒಂದು. ಐದು. ಆಮೇಲೆ ಮುಷ್ಟಿ ಬಿಗಿಯಿತು. ಸೊನ್ನೆಯೋ, ಸಂಕಟವೋ ತಿಳಿಯಲಿಲ್ಲ. ಸೊನ್ನೆ ಒತ್ತಿದೆ. ತಪ್ಪು. ಮತ್ತೆ ಕೇಳಿದೆ, ಮತ್ತೆ ಒತ್ತಿದೆ. ಮೂರನೆಯ ಸಲಕ್ಕೆ ಖಾತೆ ಲಾಕ್ ಆಯಿತು. ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ನಾನು ಎದ್ದು ಓಡಿದೆ.

ತಾಳಿ ಅಡವಿಟ್ಟು ರಕ್ತ ಹಾಕಿಸಿದೆ. ಮಗಳು ಉಳಿದಳು. ಮಂಗಳವಾರ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಹೊಸ ನಂಬರು ಮಾಡಿಸಿಕೊಂಡು ಊರಿಗೆ ಬರುವಷ್ಟರಲ್ಲಿ ಶರಣಮ್ಮನನ್ನು ಮಣ್ಣು ಮಾಡಿ ಮುಗಿದಿತ್ತು.

ಆ ಭಾನುವಾರ ಅವಳ ತುಟಿಗಳು ಒಣಗಿ ಬಿರಿದಿದ್ದವು. ಮಂಚದ ಪಕ್ಕದಲ್ಲೇ ನೀರಿನ ತಂಬಿಗೆ ಇತ್ತು. ಒಂದು ಗುಟುಕು ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ.